ಧ್ಯಾನವೋ ಧರಣಿಯೋ: ವಿಧಾನಸೌಧದ ಗಾಂಧಿಯ ಮುಂದೆ

ಬಳ್ಳಾರಿಯಲ್ಲೊಂದು ಗಾಂಧಿನಗರವಿದೆ. ಬೆಂಗಳೂರಿನಲ್ಲೂ ಇದೆ, ನಮ್ಮ ಎಷ್ಟೋ ಊರುಗಳಲ್ಲಿ ಇದೆ. ಆಟೋದವರಿಗೆ ‘ಗಾಂಧಿನಗರಕ್ಕೆ ಬರ್ತೀರಾ?’ ಎಂದು ಕೇಳುವಾಗ ಗಾಂಧಿ ಯಾರ ನೆನಪಿಗೂ ಬರುವುದಿಲ್ಲ. ಹೆಸರು ಬಳಸಿ ಬಳಸಿ ಸವೆದು ಬರೀ ವಿಳಾಸವಾಗಿದೆ. ಕಂಚಿನ ಪುತ್ಥಳಿಗಳ ಪಾಡೂ ಹೆಚ್ಚುಕಡಿಮೆ ಇದೇ. ಅನಾವರಣದ ದಿನ ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಮಾರನೇ ದಿನದಿಂದ ಅದು ದಾರಿ ಹೇಳುವುದಕ್ಕೊಂದು ಗುರುತು.

ಕನ್ನಡದಲ್ಲಿ ‘ಪ್ರತಿಮೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಪೀಠದ ಮೇಲೆ ಕೂರಿಸುವ ವಿಗ್ರಹ. ಇನ್ನೊಂದು, ನವ್ಯದ ಕಾಲದಿಂದ ನಾವು ಕವಿತೆಗಳಲ್ಲಿ ಹುಡುಕುತ್ತ ಬಂದದ್ದು, ಹೇಳಿದ್ದಕ್ಕಿಂತ ಹೆಚ್ಚನ್ನು ಹೊಳೆಯಿಸುವ ಚಿತ್ರ. ಮೊದಲನೆಯದು ಎರಡನೆಯದಾಗುವುದು ಯಾವಾಗ? ವಿಧಾನಸೌಧ ಮತ್ತು ವಿಕಾಸಸೌಧಗಳ ನಡುವೆ ಕೂತಿರುವ ಗಾಂಧಿಯನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆ ಕೇಳಬೇಕೆನಿಸಿದೆ.

2014ರಲ್ಲಿ ಅನಾವರಣಗೊಂಡ ಈ ಕಂಚಿನ ಪ್ರತಿಮೆಯ ಎತ್ತರ 27 ಅಡಿ. ಶಿಲ್ಪಿ ರಾಮ್ ಸುತಾರ್. ದೆಹಲಿಯ ಸಂಸತ್ ಭವನದ ಆವರಣದಲ್ಲಿ 1993ರಲ್ಲಿ ಅನಾವರಣಗೊಂಡ 16 ಅಡಿಯ ಗಾಂಧಿಯೂ ಅವರದೇ ಕೆಲಸ. ಎರಡರಲ್ಲೂ ಭಂಗಿ ಒಂದೇ: ಕಾಲು ಮಡಚಿ ಕೂತ, ತನ್ನೊಳಗೆ ತಾನಿಳಿದ ಧ್ಯಾನದ ಗಾಂಧಿ. ಮದರಾಸಿನ ಮರೀನಾ ತೀರದಲ್ಲಿ 1959ರಲ್ಲಿ ದೇವಿಪ್ರಸಾದ್ ರಾಯ್‌ಚೌಧುರಿ ನಿಲ್ಲಿಸಿದ ಗಾಂಧಿ ಇದಕ್ಕೆ ನೇರ ವಿರುದ್ಧ. ಕೋಲೂರಿ, ಮುಂದಕ್ಕೆ ಹೆಜ್ಜೆಯಿಟ್ಟು, ಪೀಠದಿಂದ ಈಗಲೇ ಇಳಿದು ಹೊರಟುಬಿಡುವವರಂತೆ ಇದ್ದಾರೆ ಅವರು. ದೇಶದ ಗಾಂಧಿ ಪುತ್ಥಳಿಗಳಲ್ಲಿ ಹೆಚ್ಚಿನವು ಈ ಎರಡು ಕುಲಗಳಿಗೆ ಸೇರಿದವು: ನಡೆವ ಗಾಂಧಿ, ಕೂತ ಗಾಂಧಿ.

ಬಳ್ಳಾರಿಗೆ ಪರಿಚಯವಿರುವುದು ನಡೆವ ಗಾಂಧಿಯ ಜೊತೆ. 1921ರ ಸೆಪ್ಟೆಂಬರ್ 22ರಂದು ಮಧುರೈಯಲ್ಲಿ ಅಂಗಿ, ಟೋಪಿ ಬಿಟ್ಟು ತುಂಡು ಬಟ್ಟೆಗೆ ಇಳಿದ ಗಾಂಧಿ, ಕೆಲವೇ ದಿನಗಳ ನಂತರ, ಅಕ್ಟೋಬರ್ ಆರಂಭದಲ್ಲಿ, ಬಳ್ಳಾರಿಗೆ ಬಂದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. ಮೈಸೂರು ರಾಜ್ಯಕ್ಕೆ ಅದು ಸೇರಿದ್ದು 1953ರ ಅಕ್ಟೋಬರ್ 1ರಂದು. ಎಂದರೆ, ಇವತ್ತು ನಾವೆಲ್ಲ ‘ಗಾಂಧಿ’ ಎಂದು ಗುರುತಿಸುವ ಆ ಬರಿಮೈಯ ರೂಪವನ್ನು ಅದಿನ್ನೂ ಹೊಸದಾಗಿದ್ದಾಗಲೇ ಕಂಡ ಊರುಗಳಲ್ಲಿ ಬಳ್ಳಾರಿಯೂ ಒಂದು. ಪುತ್ಥಳಿಯಾಗುವ ಮೊದಲು ಆ ರೂಪ ಒಂದು ತೀರ್ಮಾನವಾಗಿತ್ತು. ಬಟ್ಟೆಯಿಲ್ಲದವರ ಸಾಲಿನಲ್ಲಿ ನಿಲ್ಲುವ ತೀರ್ಮಾನ.

ಕಂಚಿಗೆ ಇದನ್ನು ಹೇಳುವುದು ಕಷ್ಟ. ಅದರಲ್ಲಿ ಮೈಗೂ ಖಾದಿಗೂ ಒಂದೇ ಬಣ್ಣ, ಒಂದೇ ಹೊಳಪು. ಬಟ್ಟೆ ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂಬುದನ್ನು ನೆರಿಗೆಯ ಗೆರೆಯಷ್ಟೇ ಹೇಳಬೇಕು. ಮನುಷ್ಯನಳತೆಯಲ್ಲಿ ಆ ಗೆರೆ ಕಣ್ಣಿಗೆ ಸಿಗುತ್ತದೆ. 27 ಅಡಿಗೆ ಹಿಗ್ಗಿಸಿದಾಗ ಕೆಳಗೆ ನಿಂತವನಿಗೆ ಮೊದಲು ಕಾಣುವುದು ಗಾತ್ರ. ಸಣಕಲು ಮೈಯ ಮನುಷ್ಯ ಬೆಟ್ಟವಾಗುತ್ತಾನೆ, ಬಡತನದ ಗುರುತು ವೈಭವವಾಗುತ್ತದೆ. ಇದು ಸುತಾರರ ಕೈಚಳಕದ ಕೊರತೆಯಲ್ಲ. ಎತ್ತರವನ್ನೇ ಗೌರವವೆಂದು ತಿಳಿದ ನಮ್ಮ ಬೇಡಿಕೆಯ ಕೊರತೆ.

ಹಾಗಾದರೆ ಕೂತ ಗಾಂಧಿ ಸೋತ ಕಲ್ಪನೆಯೇ? ನನಗೆ ಹಾಗನ್ನಿಸುವುದಿಲ್ಲ. ಗಾಂಧಿ ನಡೆದಷ್ಟೇ ಕೂತವರು ಕೂಡ. ಚರಕದ ಮುಂದೆ ಕೂತರು, ಉಪವಾಸ ಕೂತರು. ನಮ್ಮ ನುಡಿಯಲ್ಲೇ ‘ಕೂರುವುದು’ ಎಂದರೆ ಸುಮ್ಮನಿರುವುದಷ್ಟೇ ಅಲ್ಲ. ಧರಣಿ ಕೂತರು, ಸತ್ಯಾಗ್ರಹ ಕೂತರು ಎನ್ನುತ್ತೇವೆ. ಆ ಕಂಚಿನ ಮೈಯಲ್ಲಿ ಧ್ಯಾನವೂ ಇದೆ, ಧರಣಿಯೂ ಇದೆ. ಯಾವುದು ಮೇಲೆದ್ದು ಕಾಣಬೇಕು ಎಂಬುದನ್ನು ಶಿಲ್ಪಿ ತೀರ್ಮಾನಿಸಲಾರ. ಅದನ್ನು ತೀರ್ಮಾನಿಸುವವರು ಪ್ರತಿಮೆಯ ಎದುರು ಬಂದು ಕೂರುವವರು.

ಸಂಸತ್ತಿನ ಗಾಂಧಿಯ ಕತೆ ಇದಕ್ಕೆ ಸಾಕ್ಷಿ. ವಿರೋಧ ಪಕ್ಷದಲ್ಲಿದ್ದವರು ವರ್ಷಗಟ್ಟಲೆ ಅದರ ಮುಂದೆ ಫಲಕ ಹಿಡಿದು ನಿಂತಿದ್ದರು. 2024ರ ಜೂನ್‌ನಲ್ಲಿ ಅದನ್ನು ಆವರಣದೊಳಗೇ ಬೇರೆಡೆ, ಇತರ ಪ್ರತಿಮೆಗಳ ಜೊತೆ ‘ಪ್ರೇರಣಾ ಸ್ಥಳ’ದಲ್ಲಿ ಸೇರಿಸಲಾಯಿತು. ಎಲ್ಲವೂ ಒಂದೆಡೆ ನೋಡಲು ಸಿಗಲಿ ಎಂಬುದು ಕೊಟ್ಟ ಕಾರಣ. ಪ್ರತಿಭಟನೆಯ ಜಾಗ ತಪ್ಪಿಸಿದರು ಎಂಬುದು ವಿರೋಧ ಪಕ್ಷಗಳ ಆಕ್ಷೇಪ. ಕಂಚು ಅದೇ, ಭಂಗಿ ಅದೇ. ಜಾಗ ಬದಲಾಗಿದ್ದಕ್ಕೇ ಅರ್ಥ ಬದಲಾಯಿತೆಂದು ಜಗಳವಾಯಿತು. ಬೆಂಗಳೂರಿನಲ್ಲೂ 2020ರಲ್ಲಿ ಮಾರ್ಕ್ ಕಬ್ಬನ್‌ನ ಕುದುರೆ ಸವಾರಿಯ ಪ್ರತಿಮೆ ಹೈಕೋರ್ಟಿನ ಅಂಗಳದಿಂದ ಉದ್ಯಾನದೊಳಕ್ಕೆ ಸರಿಯಿತು. ಅಧಿಕಾರದ ಬಾಗಿಲಲ್ಲಿದ್ದದ್ದು ಮರಗಳ ನಡುವಿನ ಚರಿತ್ರೆಯಾಯಿತು.

ವಿಧಾನಸೌಧದ ಗಾಂಧಿಯ ಮುಂದೆಯೂ ಧರಣಿ ನಡೆಯುತ್ತದೆ. ಯಾವ ಪಕ್ಷ ಅಧಿಕಾರ ಕಳೆದುಕೊಂಡಿದೆಯೋ ಅದರ ಶಾಸಕರು ಅಲ್ಲಿಗೆ ಬರುತ್ತಾರೆ. ಆದರೆ ಶಾಸಕರಲ್ಲದವರು? ಬೆಂಗಳೂರಿನಲ್ಲಿ ಪ್ರತಿಭಟನೆ ಫ್ರೀಡಂ ಪಾರ್ಕಿನಲ್ಲಿ ಮಾತ್ರ ಎಂದು 2021ರ ಸರ್ಕಾರಿ ಆದೇಶ ಹೇಳುತ್ತದೆ. ಸಂಚಾರಕ್ಕೆ ಅಡ್ಡಿಯಾಗಬಾರದೆಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೂ ವ್ಯಂಗ್ಯ ನೋಡಿ: ಫ್ರೀಡಂ ಪಾರ್ಕ್ ಎಂದರೆ ಹಳೆಯ ಸೆಂಟ್ರಲ್ ಜೈಲು, ತುರ್ತುಪರಿಸ್ಥಿತಿಯ ಬಂದಿಗಳಿದ್ದ ಜಾಗ. ಗಾಂಧಿಯ ಮುಂದೆ ಶಾಸಕರು, ಜೈಲಿನ ಅಂಗಳದಲ್ಲಿ ಪ್ರಜೆಗಳು.

2010ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ಪಾದಯಾತ್ರೆ ಹೊರಟಿತು. ಅದರ ಮುಂದಾಳು ಸಿದ್ದರಾಮಯ್ಯ ಪ್ರತಿಮೆ ಅನಾವರಣವಾದ ವರ್ಷ ಮುಖ್ಯಮಂತ್ರಿಯಾಗಿದ್ದರು. ರಾಜಧಾನಿಯಿಂದ ಬಳ್ಳಾರಿಗೆ ನಡೆದು ಬರುವ ಗಾಂಧಿಮಾರ್ಗ ನಮಗೆ ಗೊತ್ತು. ಬಳ್ಳಾರಿಯಿಂದ ರಾಜಧಾನಿಗೆ ಹೋಗುವ ಮಾರ್ಗವೇ ಇನ್ನೂ ಕಿರಿದು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಕೂತು ಬೆಳಿಗ್ಗೆ ಇಳಿದ ರೈತನೊಬ್ಬ ಅರ್ಜಿ ಹಿಡಿದು ಹೋದರೆ, ಆ ಪ್ರತಿಮೆ ತಲುಪುವ ಮೊದಲು ಅವನಿಗೆ ಗೇಟು, ಪಾಸು, ಪೊಲೀಸರು ಎದುರಾಗುತ್ತಾರೆ. 2025ರಿಂದ ರಜಾದಿನಗಳಲ್ಲಿ ಟಿಕೆಟ್ ಕೊಂಡು ವಿಧಾನಸೌಧ ನೋಡಬಹುದು, ಒಳ್ಳೆಯದೇ. ಆದರೆ ನೋಡಲು ಹೋದವರು ಪ್ರವಾಸಿಗಳು. ಕೇಳಲು ಹೋಗುವವರಿಗೆ ಆ ಟಿಕೆಟ್ ಇಲ್ಲ.

ಪುತ್ಥಳಿ ಕವಿತೆಯ ಅರ್ಥದಲ್ಲಿ ಪ್ರತಿಮೆಯಾಗಬೇಕಾದರೆ ಅದಕ್ಕೆ ಓದುಗರು ಬೇಕು, ಓದುಗರಿಗೆ ಅದರ ಹತ್ತಿರ ಜಾಗ ಬೇಕು. ಅಲ್ಲಿಯವರೆಗೆ ಆ ಗಾಂಧಿ ಮಾಡುತ್ತಿರುವುದು ಧ್ಯಾನ. ಆ ರೈತನಿಗೆ ಅವರ ಎದುರು ಅರ್ಧ ಗಂಟೆ ಕೂರಲು ಬಿಟ್ಟ ದಿನ, ಒಂದು ಗೆರೆಯನ್ನೂ ತಿದ್ದದೆ ಅದೇ ಕಂಚು ಧರಣಿಯಾಗುತ್ತದೆ.