ಹೊಸ ವಾದ್ಯಮೇಳಗಳಲ್ಲಿ ಮಂದ್ರವಾದಕನ ಸ್ಥಾನ

ಈಚಿನ ವಾದ್ಯಮೇಳಗಳು ಹಿಂದಿನವುಗಳಂತೆ ವರ್ಚಸ್ವಿಗಳಾದ ಬೇಸ್ ವಾದಕರನ್ನು ಹುಟ್ಟಿಸುತ್ತಿಲ್ಲವೆಂಬ ದೂರು ಪಾಶ್ಚಾತ್ಯ ಪದ್ಧತಿಯ ಸಂಗೀತವನ್ನು ಬಲ್ಲವರಲ್ಲಿ ಕೆಲವು ಕಾಲದಿಂದ ಕೇಳಿಬರುತ್ತಿದೆ. ಹಾಡುವವನನ್ನೂ ಮುಂದೆ ನಿಂತು ಗಿಟಾರ್ ನುಡಿಸುವವನನ್ನೂ ಕಂಡು ಹುಡುಗರು ಮರುಳಾಗುವುದುಂಟು. ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರನ್ನು ಹಿಡಿದು ಹಿಂದೆ ನಿಂತವನನ್ನು ಕಂಡು ತಾನೂ ಹಾಗಾಗಬೇಕೆಂದು ಹಂಬಲಿಸುವವರು ಈಗ ಯಾರಿದ್ದಾರೆ ಎಂಬುದು ಆ ದೂರಿನ ತಿರುಳು.

ಇದು ನಮ್ಮ ಸೀಮೆಗೆ ಸಂಬಂಧಪಟ್ಟ ಮಾತಲ್ಲವೆಂದು ವಾಚಕರಿಗೆ ತೋರಬಹುದು. ಆದರೆ ಸೊಕ್ಕೆಯಂತಹ ಊರುಗಳಲ್ಲಿ ಗಣಪತಿಯ ಮೆರವಣಿಗೆಯನ್ನಾಗಲಿ ಮದುವೆಯ ದಿಬ್ಬಣವನ್ನಾಗಲಿ ನೋಡಿದವರು ಒಂದು ಸಂಗತಿಯನ್ನು ಅಲ್ಲಗಳೆಯಲಾರರು. ಮಂದ್ರಧ್ವನಿಯು ಈಗಿನಷ್ಟು ಪ್ರಬಲವಾಗಿ ಹಿಂದೆಂದೂ ಕೇಳಿಬಂದದ್ದಿಲ್ಲ. ಲಾರಿಯ ಮೇಲೆ ಪೇರಿಸಿದ ಧ್ವನಿಪೆಟ್ಟಿಗೆಗಳ ಸದ್ದಿಗೆ ಕಿಟಕಿಯ ಬಾಗಿಲು ಅದುರುತ್ತದೆ, ವೃದ್ಧರ ಎದೆ ನಡುಗುತ್ತದೆ, ಗೊಂತಿಗೆ ಕಟ್ಟಿದ ಎತ್ತು ಹಗ್ಗ ಜಗ್ಗುತ್ತದೆ. ಇಷ್ಟೆಲ್ಲ ಮಂದ್ರವಿದ್ದರೂ ಮಂದ್ರವಾದಕನೆಂಬ ಮನುಷ್ಯನು ಅಲ್ಲಿ ಒಬ್ಬನೂ ಇಲ್ಲ. ಧ್ವನಿಯು ಹೀಗೆ ಬೆಳೆದು ಅದನ್ನು ನುಡಿಸುವವನು ಮರೆಯಾದದ್ದು ಹೇಗೆಂಬುದೇ ಆ ದೂರಿನಲ್ಲಿ ವಿಚಾರಣೀಯವಾದ ಅಂಶ.

ನಮ್ಮ ಶಾಸ್ತ್ರಕಾರರು ಮಂದ್ರವನ್ನು ಎಂದೂ ಕೀಳಾಗಿ ಎಣಿಸಿದವರಲ್ಲ. ಮಂದ್ರ, ಮಧ್ಯ, ತಾರಗಳೆಂಬ ಮೂರು ಸ್ಥಾನಗಳನ್ನು ಹೇಳುವಾಗ ಮಂದ್ರಕ್ಕೆ ಹೃದಯವನ್ನೂ ಮಧ್ಯಕ್ಕೆ ಕಂಠವನ್ನೂ ತಾರಕ್ಕೆ ಮೂರ್ಧವನ್ನೂ ನೆಲೆಯಾಗಿ ಶಾರ್ಙ್ಗದೇವನು ಸಂಗೀತ ರತ್ನಾಕರದಲ್ಲಿ ನಿರ್ದೇಶಿಸಿದ್ದಾನೆ. ಭರತನ ನಾಟ್ಯಶಾಸ್ತ್ರದಲ್ಲಿ ಪುಷ್ಕರವಾದ್ಯಗಳ ಉತ್ಪತ್ತಿಯನ್ನು ಕುರಿತ ಒಂದು ಸೊಗಸಾದ ಕಥೆಯಿದೆ. ಸ್ವಾತಿಯೆಂಬ ಮುನಿ ನೀರಿಗಾಗಿ ಸರೋವರಕ್ಕೆ ಹೋದಾಗ ಮಳೆ ಬಂದಿತು. ದೊಡ್ಡದು, ನಡುತರದ್ದು, ಚಿಕ್ಕದು ಎಂದು ನಾನಾ ಗಾತ್ರದ ತಾವರೆಯೆಲೆಗಳ ಮೇಲೆ ಹನಿಗಳು ಬಿದ್ದು ನಾನಾ ಬಗೆಯ ನಾದವನ್ನು ಹುಟ್ಟಿಸಿದವು. ಮುನಿಯು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಆಶ್ರಮಕ್ಕೆ ಬಂದು ಮೃದಂಗಾದಿಗಳನ್ನು ನಿರ್ಮಿಸಿದನು. ಮಳೆಯೇ ಅಪರೂಪವಾದ ಜಗಳೂರು ಸೀಮೆಯಲ್ಲಿ ಈ ಕಥೆಯನ್ನು ಓದುವವರಿಗೆ ಅದರ ಸವಿ ಇನ್ನೂ ಹೆಚ್ಚು. ಅಗಲವಾದ ಎಲೆಯ ಗಂಭೀರನಾದವನ್ನೂ ಕಿರಿಯ ಎಲೆಯ ನಾದವನ್ನೂ ಮುನಿಯು ಒಂದೇ ಆದರದಿಂದ ಕೇಳಿದನೆಂಬುದು ಇಲ್ಲಿ ಗಮನಿಸತಕ್ಕದ್ದು. ಮೃದಂಗದ ಎಡಮುಖಕ್ಕೆ ರವೆಯ ಹಿಟ್ಟನ್ನು ನೀರಿನಲ್ಲಿ ಕಲಸಿ ಮೆತ್ತಿ ಅದರ ಧ್ವನಿಯನ್ನು ತಗ್ಗಿಸುವ ಇಂದಿನ ವಾದಕನೂ ಅದೇ ಆದರವನ್ನು ತೋರಿಸುತ್ತಾನೆ.

ಇನ್ನು ಪ್ರಕೃತ ವಾದ್ಯದ ವಿಚಾರ. ಮೊದಲು ಈ ಮಂದ್ರದ ಕೆಲಸವನ್ನು ಆಳೆತ್ತರದ ದೊಡ್ಡ ಪಿಟೀಲು ಮಾಡುತ್ತಿತ್ತು. ಅಮೆರಿಕದ ಲಿಯೋ ಫೆಂಡರ್ ಎಂಬಾತನು 1951ರಲ್ಲಿ ವಿದ್ಯುತ್ತಿನ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದ ಮೇಲೆ ಮಂದ್ರವಾದಕನು ವಾದ್ಯವನ್ನು ಹೆಗಲಿಗೆ ತೂಗಿಕೊಂಡು ರಂಗದಮೇಲೆ ನಡೆದಾಡಬಲ್ಲವನಾದನು. ಇದರ ನಾಲ್ಕು ತಂತಿಗಳು ಸಾಮಾನ್ಯ ಗಿಟಾರಿನ ಕೆಳಗಣ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ಶ್ರುತಿಗೊಂಡಿರುತ್ತವೆ. ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಇದರ ಅಧಿಕಾರವೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸಂಗೀತದಲ್ಲಿ ಆಧಾರಷಡ್ಜವು ಅಚಲ. ತಂಬೂರಿಯು ಮೊದಲಿನಿಂದ ಕೊನೆಯವರೆಗೆ ಒಂದೇ ನೆಲವನ್ನು ಹಾಸುತ್ತದೆ, ಗಾಯಕನು ಅದರ ಮೇಲೆ ಓಡಾಡುತ್ತಾನೆ. ಪಾಶ್ಚಾತ್ಯ ಮೇಳದಲ್ಲಿ ಆ ನೆಲವೇ ಕದಲುತ್ತದೆ, ಕದಲಿಸುವವನು ಬೇಸ್ ವಾದಕ. ಗಾಯಕನು ಗಾಂಧಾರದಲ್ಲಿ ನಿಂತಿರುವಾಗ ಕೆಳಗೆ ಷಡ್ಜ ನುಡಿದರೆ ಒಂದು ಭಾವ. ಗಾಯಕನು ನಿಂತಲ್ಲೇ ನಿಂತಿರಲು ಕೆಳಗೆ ಧೈವತ ನುಡಿದರೆ ಅದೇ ಗಾಂಧಾರವು ಬೇರೊಂದು ಭಾವವನ್ನು ತಾಳುತ್ತದೆ. ಹಾಡುವವನ ಸ್ವರಕ್ಕೆ ಅರ್ಥ ಹೇಳುವ ವ್ಯಾಖ್ಯಾನಕಾರನ ಪದವಿ ಅದು. ಕಾಳಿದಾಸನನ್ನು ಮಲ್ಲಿನಾಥನ ಕೈಹಿಡಿದು ಓದಿದವರಿಗೆ ಆ ಪದವಿಯ ಬೆಲೆ ತಿಳಿಯದೆ ಇರದು.

ಹಾಗಿದ್ದರೂ ವ್ಯಾಖ್ಯಾನಕಾರನ ಹೆಸರು ಬಹುಕಾಲ ಯಾರ ಬಾಯಲ್ಲಿಯೂ ಇರಲಿಲ್ಲ. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಅಸಂಖ್ಯಾತ ಜನಪ್ರಿಯ ಗೀತೆಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಎಂಬ ಮಹಾವಾದಕನ ಹೆಸರನ್ನು ಧ್ವನಿಮುದ್ರಿಕೆಗಳ ಮೇಲೆ ಅಚ್ಚುಹಾಕುವ ಪದ್ಧತಿಯೇ ಆ ಸಂಸ್ಥೆಯಲ್ಲಿ ಇರಲಿಲ್ಲ; 1971ರಲ್ಲಿ ಮಾರ್ವಿನ್ ಗೇ ಎಂಬ ಗಾಯಕನ ಒಂದು ಮುದ್ರಿಕೆಯಲ್ಲಿ ಆ ಗೌರವ ಸಂದಿತು. ಅಷ್ಟರಲ್ಲಿ ಅವನ ಶ್ರೇಷ್ಠವಾದ ಕೃಷಿಯ ಬಹುಭಾಗ ಮುಗಿದುಹೋಗಿತ್ತು. ಹಿಂದಿನ ಕಾಲವೆಲ್ಲ ವರ್ಚಸ್ವಿಗಳಾದ ಮಂದ್ರವಾದಕರ ಕಾಲವೆಂದು ಹೇಳುವವರು ಈ ಸಂಗತಿಯನ್ನು ಮರೆಯಬಾರದು. ಅಂದೂ ವಾದಕರಿದ್ದರು, ವರ್ಚಸ್ಸು ಅನೇಕರಿಗೆ ಆಮೇಲೆ ಬಂದಿತು, ಕೆಲವರಿಗೆ ಸತ್ತ ಮೇಲೆ ಬಂದಿತು.

ನಿಂತಲ್ಲೇ ವರ್ಚಸ್ಸನ್ನು ಪಡೆದವರೂ ಉಂಟು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಮೇಳವು ನುಡಿಸಿತು. ಆ ಮೇಳವನ್ನು 1975ರಲ್ಲಿ ಕಟ್ಟಿದವನೂ ಅದರ ಬಹುಮಂದಿ ಬಲ್ಲ ಗೀತೆಗಳನ್ನು ರಚಿಸಿದವನೂ ಸ್ಟೀವ್ ಹ್ಯಾರಿಸ್. ಅವನು ಬೇಸ್ ವಾದಕ. ಗಾಯಕರೂ ತಾಳವಾದಕರೂ ಬಂದು ಹೋದರು, ಅವನು ಮೇಳದ ಕಂಬವಾಗಿ ನಿಂತನು. ಅಲ್ಲಿಗೆ ಹೋಗಿದ್ದ ಸಾವಿರಾರು ತರುಣರಿಗೆ ಮೇಳದ ಯಜಮಾನನು ಮಂದ್ರವಾದಕನಾಗಿರಬಹುದೆಂಬುದು ಕಣ್ಣಾರೆ ಕಂಡ ಪಾಠ. ಅದೇ ಮೈದಾನದಲ್ಲಿ 2011ರ ಅಕ್ಟೋಬರ್ 30ರಂದು ನುಡಿಸಿದ ಮೆಟಾಲಿಕಾ ಮೇಳದ ಅಭಿಮಾನಿಗಳು 1986ರಲ್ಲಿ ಅಪಘಾತದಲ್ಲಿ ತೀರಿಕೊಂಡ ತಮ್ಮ ಬೇಸ್ ವಾದಕ ಕ್ಲಿಫ್ ಬರ್ಟನ್ನನನ್ನು ಇಂದಿಗೂ ಸ್ಮರಿಸುತ್ತಾರೆ. ದೂರು ಹೇಳುವವರ ಕಣ್ಣಮುಂದೆ ಇರುವವರು ಇಂತಹವರೇ.

ಬೆಂಗಳೂರಿನ ಮೇಳಗಳನ್ನು ನೋಡಿದರೆ ಬಂಜೆತನದ ಮಾತು ನಿಲ್ಲುವುದಿಲ್ಲ. 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಮೇಳದಲ್ಲಿ ಬಹುಕಾಲ ಬೇಸ್ ನುಡಿಸಿದ ರೂಡ್ ಡೇವಿಡ್, ರಘು ದೀಕ್ಷಿತರ ಮೇಳವು 2008ರಲ್ಲಿ ತನ್ನ ಮೊದಲ ಮುದ್ರಿಕೆಯನ್ನು ಹೊರತಂದ ಕಾಲದ ಗೌರವ್ ವಾಜ್, ಸ್ವರಾತ್ಮ ಮೇಳದ ಜಿಷ್ಣು ದಾಸ್‌ಗುಪ್ತ, ಅಗಮ್ ಮೇಳದ ಆದಿತ್ಯ ಕಶ್ಯಪ್ ಇವರೆಲ್ಲ ತಮ್ಮ ಕೆಲಸವನ್ನು ಬಲ್ಲವರು. ಇವರ ಮುಂದಿರುವ ತೊಡಕು ಜೇಮರ್ಸನ್ನನ ಮುಂದೆ ಇರಲಿಲ್ಲವೆಂಬುದನ್ನೂ ಹೇಳಬೇಕು. ರಘು ದೀಕ್ಷಿತರು ಶಿಶುನಾಳ ಶರೀಫರ ಪದಗಳನ್ನು ಹಾಡುತ್ತಾರೆ. ಆ ಪದಗಳು ಬೆಳೆದದ್ದು ಏಕತಾರಿಯ ಒಂದೇ ಸ್ವರದ ಮೇಲೆ. ಜಗತ್ತು ಅಸ್ಥಿರ, ನೆಲೆಯೊಂದೇ ಸ್ಥಿರ ಎಂಬ ತತ್ತ್ವಕ್ಕೆ ಆ ಕದಲದ ಸ್ವರವೇ ಸಾಕ್ಷಿ. ಅದರ ಕೆಳಗೆ ಬೇಸ್ ಗಿಟಾರ್ ಅತ್ತಿತ್ತ ನಡೆದರೆ ಪದಕ್ಕೆ ಕುಣಿತ ಬರುತ್ತದೆ, ನೆಲೆ ತಪ್ಪುವ ಅಪಾಯವೂ ಬರುತ್ತದೆ. ಎಲ್ಲಿ ನಡೆಯಬೇಕು, ಎಲ್ಲಿ ಏಕತಾರಿಯಂತೆ ಕೂತುಬಿಡಬೇಕು ಎಂಬುದನ್ನು ನಿರ್ಣಯಿಸುವವನೇ ಇಲ್ಲಿ ದೊಡ್ಡ ವಾದಕ. ತ್ಯಾಗರಾಜರ ಕೃತಿಗಳನ್ನು ಎತ್ತಿಕೊಳ್ಳುವ ಅಗಮ್ ಮೇಳಕ್ಕಂತೂ ಈ ಪ್ರಶ್ನೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಷಡ್ಜವನ್ನು ಬಿಟ್ಟು ಕೆಳಗಣ ಸ್ವರ ಸರಿದಾಗಲೆಲ್ಲ ರಾಗದ ಮುಖದ ಮೇಲೆ ಬೇರೆ ಬೆಳಕು ಬೀಳುತ್ತದೆ. ಕೆಲವು ಸಲ ಅದು ಶೋಭೆ, ಕೆಲವು ಸಲ ವಿಕಾರ. ಈ ವಿವೇಕವನ್ನು ಕಲಿಸುವ ಗ್ರಂಥವು ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಸಿದ್ಧವಾಗಿ ದೊರೆಯುವುದಿಲ್ಲ. ಇವರು ನುಡಿಸಿ ನುಡಿಸಿಯೇ ಅದನ್ನು ಬರೆಯಬೇಕಾಗಿದೆ.

ವಾದಕರು ಹೀಗಿರುವಾಗ ಅವರ ವರ್ಚಸ್ಸು ಹರಡದಿರುವುದಕ್ಕೆ ಮುಖ್ಯಕಾರಣವು ಕೇಳುವ ಬಗೆಯಲ್ಲಿದೆ. ಈಗಿನ ತರುಣನು ಸಂಗೀತವನ್ನು ಬಹುಮಟ್ಟಿಗೆ ಕೇಳುವುದು ಅಂಗೈಯಗಲದ ಫೋನಿನಲ್ಲಿ. ಅದರ ಹುಣಿಸೆಬೀಜದಷ್ಟು ಧ್ವನಿಪೆಟ್ಟಿಗೆಗೆ 41 ಕಂಪನಗಳ ನಾದವನ್ನು ಹೊರಡಿಸುವ ಶಕ್ತಿಯಿಲ್ಲ. ಮೇಲಣ ಅನುಸ್ವರಗಳನ್ನು ಕೇಳಿ ಕೆಳಗಣ ಸ್ವರವನ್ನು ಕಿವಿಯು ಊಹಿಸಿಕೊಳ್ಳುತ್ತದೆ. ಅರ್ಥಾಪತ್ತಿಪ್ರಮಾಣದಿಂದ ದೇವದತ್ತನು ರಾತ್ರಿ ಉಣ್ಣುತ್ತಾನೆಂದು ತಿಳಿದಂತೆ. ಅದೇ ತರುಣನು ಮೆರವಣಿಗೆಗೆ ಬಂದಾಗ ಲಾರಿಯ ಪೆಟ್ಟಿಗೆಗಳು ಅವನಿಗೆ ಮಂದ್ರವನ್ನಲ್ಲದೆ ಬೇರೇನನ್ನೂ ಕೇಳಿಸುವುದಿಲ್ಲ. ಅದೂ ಯಂತ್ರವು ಒಂದೇ ಅಳತೆಯಲ್ಲಿ ಕುಟ್ಟಿದ ಮಂದ್ರ. ಒಂದು ಕಡೆ ಉಪವಾಸ, ಇನ್ನೊಂದು ಕಡೆ ಅಜೀರ್ಣ. ಒಬ್ಬ ಮನುಷ್ಯನು ಯೋಚಿಸಿ ಬೆರಳಿಟ್ಟ ತಗ್ಗಿನ ಸ್ವರವೆಂಬುದು ಈ ಎರಡರ ನಡುವೆ ಅವನ ಕಿವಿಗೆ ಬೀಳುವ ಸಂದರ್ಭವೇ ಕಡಮೆ. ಜಿಲ್ಲೆಯ ಊರುಗಳಲ್ಲಿ ರಸಮಂಜರಿ ನಡೆಸುವ ಚಿಕ್ಕ ತಂಡಗಳಲ್ಲಿ ಬೇಸ್ ವಾದಕನ ಕೂಲಿಯನ್ನು ಉಳಿಸುವುದಕ್ಕಾಗಿ ಕೀಬೋರ್ಡಿನವನ ಎಡಗೈಗೆ ಆ ಕೆಲಸವನ್ನು ವಹಿಸುವುದು ವಾಡಿಕೆಯಾಗಿದೆ. ಹಣದ ಅಡಚಣೆಯನ್ನು ಬಲ್ಲವರು ಅವರನ್ನು ದೂಷಿಸಲಾರರು. ಆದರೆ ನೋಡಿ ಕಲಿಯಬೇಕಾದ ಹುಡುಗನ ಕಣ್ಣಿಗೆ ಆ ವಾದ್ಯವೇ ಬೀಳದೆ ಹೋಗುತ್ತದೆ.

ವಿಮರ್ಶಕರ ಪಾಲೂ ಇದರಲ್ಲಿದೆ. ಸಂಗೀತ ಕಚೇರಿಯ ವರದಿಗಳಲ್ಲಿ ಗಾಯಕನಿಗೆ ಎರಡು ಪುಟ, ಪಕ್ಕವಾದ್ಯದವರಿಗೆ ‘ಸಹಕಾರ ಚೆನ್ನಾಗಿತ್ತು’ ಎಂಬ ಒಂದು ವಾಕ್ಯ, ಹೊಸ ಮೇಳದ ಬೇಸ್ ವಾದಕನಿಗೆ ಆ ವಾಕ್ಯವೂ ಇಲ್ಲ. ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಮೃದಂಗವಾದಕನೊಬ್ಬನಿಗೆ ಮೊದಲು ಸಂದದ್ದು 1966ರಲ್ಲಿ, ಪಾಲಘಾಟ್ ಮಣಿ ಅಯ್ಯರವರಿಗೆ. ಪಿಟೀಲಿಗೆ ಹೆಚ್ಚಿನ ತಂತಿಗಳನ್ನು ಕೂಡಿಸಿ ಅದರ ನಾದವನ್ನು ತುಂಬಿದ ನಮ್ಮ ಮೈಸೂರು ಚೌಡಯ್ಯನವರಿಗೆ ಅದು 1957ರಲ್ಲಿ ದೊರೆತಿತ್ತು. ಪಕ್ಕದಲ್ಲಿ ಕೂತವರನ್ನು ನಡುವೆ ಕೂರಿಸಲು ಶಾಸ್ತ್ರೀಯ ಸಂಗೀತವೇ ಇಷ್ಟು ಕಾಲ ತೆಗೆದುಕೊಂಡಿತೆಂದರೆ ನಿನ್ನೆ ಮೊನ್ನೆ ಹುಟ್ಟಿದ ಮೇಳಗಳ ಮೇಲೆ ಸಿಟ್ಟಾಗುವುದು ನ್ಯಾಯವಲ್ಲ.

ಮಂದ್ರವಾದಕನಿಗೆ ವರ್ಚಸ್ಸೇ ಬೇಡ, ತಳಪಾಯವು ಗೋಪುರದಂತೆ ಮೆರೆಯಬಾರದು ಎಂದು ಕೆಲವರು ಆಕ್ಷೇಪಿಸುವುದುಂಟು. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. 1976ರಲ್ಲಿ ವೆದರ್ ರಿಪೋರ್ಟ್ ಮೇಳವನ್ನು ಸೇರಿದ ಜಾಕೋ ಪಾಸ್ಟೋರಿಯಸ್ ಎಂಬ ಪ್ರತಿಭಾವಂತನು ಮೆಟ್ಟಿಲುಗಳಿಲ್ಲದ ಬೇಸ್ ಗಿಟಾರಿನ ಮೇಲೆ ವೀಣೆಯ ಗಮಕವನ್ನು ನೆನಪಿಗೆ ತರುವಂತೆ ಹಾಡಿಸಿದನು. ಅವನನ್ನು ಅನುಕರಿಸಿದವರಲ್ಲಿ ಅನೇಕರು ಹಾಡುವುದನ್ನು ಕಲಿತು ಹೊರುವುದನ್ನು ಮರೆತರು. ನಮ್ಮ ದೇಶದ ಮೋಹಿನಿ ಡೇ ಚಿಕ್ಕ ವಯಸ್ಸಿನಲ್ಲಿಯೇ ಎ. ಆರ್. ರೆಹಮಾನರೊಡನೆ ನುಡಿಸಿ ಲೋಕಖ್ಯಾತಿಯನ್ನು ಪಡೆದರು. ಅವರ ಬೆರಳಿನ ವೇಗ ಬೆರಗುಗೊಳಿಸತಕ್ಕದ್ದು. ಆಕೆಯನ್ನು ಕಂಡು ಬೇಸ್ ಗಿಟಾರ್ ಹಿಡಿದ ಹುಡುಗಿಯರುಂಟು. ಇದು ಕಡಮೆಯ ಲಾಭವಲ್ಲ. ಆದರೆ ಅವರನ್ನು ರೂಪಿಸಿದ್ದು ಒಂದು ಮೇಳವಲ್ಲ, ಮನೆಯ ಶಿಕ್ಷಣ ಮತ್ತು ಹಲವು ದೊಡ್ಡವರ ಸಂಗಡದ ದುಡಿಮೆ. ಒಂದೇ ಮೇಳದಲ್ಲಿ ಒಂದೇ ತಾಳವಾದಕನ ಪಕ್ಕದಲ್ಲಿ ಹತ್ತಿಪ್ಪತ್ತು ವರ್ಷ ನಿಂತು ಹಣ್ಣಾಗುವ ಹ್ಯಾರಿಸ್‌ನಂತಹವರ ವರ್ಚಸ್ಸು ಬೇರೆ ಜಾತಿಯದು. ದೂರು ಹೇಳುವವರು ಯಾವುದಾದರೂ ನಷ್ಟಕ್ಕೆ ಮರುಗಬೇಕಾದರೆ ಇದಕ್ಕೆ ಮರುಗಬೇಕು: ವಾದಕರು ಹುಟ್ಟುತ್ತಿದ್ದಾರೆ, ಅವರು ಮಾಗುವಷ್ಟು ಕಾಲ ಮೇಳಗಳು ಬಾಳುತ್ತಿಲ್ಲ.

ಇನ್ನು ತಳಪಾಯವು ಮೆರೆಯಬಾರದೆಂಬ ಮಾತು. ಈ ನಿಯಮವನ್ನು ಡೊಳ್ಳು ಕುಣಿತದವರ ಮುಂದೆ ಯಾರೂ ಹೇಳಿಲ್ಲ. ಬೀರೇಶ್ವರನ ಒಕ್ಕಲಿನವರು ಮಣಭಾರದ ಡೊಳ್ಳನ್ನು ಸೊಂಟಕ್ಕೆ ಬಿಗಿದು ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ ಇಟ್ಟು ವೃತ್ತಕಟ್ಟಿ ಕುಣಿಯುವಾಗ ಅಲ್ಲಿ ತಳಪಾಯವೇ ಉತ್ಸವ. ಆ ನಾದವೂ ಎದೆಯನ್ನು ನಡುಗಿಸುತ್ತದೆ. ಲಾರಿಯ ಸದ್ದಿಗೂ ಅದಕ್ಕೂ ಇರುವ ಅಂತರವೆಂದರೆ ಬಾರಿಸುವವನ ಉಸಿರು ಏರಿದ್ದು, ತೋಳು ಸೋತದ್ದು, ಮತ್ತೆ ಹುರುಪುಗೊಂಡದ್ದು ಎಲ್ಲವೂ ಅದರಲ್ಲಿ ಕೇಳಿಸುತ್ತದೆ. ಪಾಲಘಾಟ್ ಮಣಿ ಅಯ್ಯರವರಿಗಾದರೋ ಎಲ್ಲಿ ಬಾರಿಸಬಾರದೆಂಬುದನ್ನು ಬಲ್ಲವರೆಂಬ ಖ್ಯಾತಿಯಿತ್ತು. ಒಬ್ಬರದು ಕುಣಿದು ಬಂದ ವರ್ಚಸ್ಸು, ಇನ್ನೊಬ್ಬರದು ಕೈ ತಡೆದು ಬಂದದ್ದು. ಎರಡನ್ನೂ ಕಂಡ ನಾಡಿನ ಕೇಳುಗನಿಗೆ ಬೇಸ್ ಗಿಟಾರಿನ ಮರ್ಮ ಪರಕೀಯವಾಗಬೇಕಾಗಿಲ್ಲ.

ಬೆಂಗಳೂರಿನ ಮೇಳಗಳು ನುಡಿಸುವ ಸಭೆಗೆ ಹೋಗಲು ಅನುಕೂಲವಿಲ್ಲದವರು ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಕನ್ನಡದ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರ ಬಳಿ ಸಹಾಯಕರಾಗಿ ದುಡಿದ ಇಳಯರಾಜರು 1981ರ ‘ಗೀತಾ’ ಚಿತ್ರಕ್ಕೂ 1983ರ ‘ಪಲ್ಲವಿ ಅನುಪಲ್ಲವಿ’ಗೂ ಸಂಗೀತವನ್ನು ಒದಗಿಸಿದರು. ಆ ಹಾಡುಗಳನ್ನು ನಲವತ್ತು ವರ್ಷಗಳಿಂದ ಗುನುಗುತ್ತಿರುವ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟೋ ಇವೆ. ಫೋನನ್ನು ಬದಿಗಿಟ್ಟು, ಕಿವಿಯನ್ನು ಮುಚ್ಚುವ ಒಳ್ಳೆಯ ಶ್ರವಣಯಂತ್ರವನ್ನು ಧರಿಸಿ, ಗಾಯಕರ ಕಂಠವನ್ನು ಒಂದು ಸಲದ ಮಟ್ಟಿಗೆ ಮರೆತು ಕೆಳಗಣ ತಂತಿಯನ್ನೇ ಹಿಂಬಾಲಿಸಿದರೆ, ಹಾಡಿನ ಅಡಿಯಲ್ಲಿ ಇನ್ನೊಂದು ಹಾಡು ತನ್ನಷ್ಟಕ್ಕೆ ತಾನು ಏರುತ್ತ ಇಳಿಯುತ್ತ, ಕೆಲವೆಡೆ ಗಾಯಕನಿಗಿಂತ ಮುಂದೆ ಹೋಗಿ ಅವನಿಗಾಗಿ ಕಾಯುತ್ತ ಸಾಗುವುದು ಕೇಳಿಸುತ್ತದೆ.