ಅನಾಥ ಪುಸ್ತಕಗಳಿಗೆ ಇಂಗ್ಲಿಷ್ ಜಾಹೀರಾತು

ಪುಸ್ತಕಗಳೂ ಅನಾಥವಾಗುವುದುಂಟು. ಬರೆದವರು ತೀರಿಕೊಂಡಿರುತ್ತಾರೆ, ಅಚ್ಚು ಹಾಕಿದ ಪ್ರೆಸ್ಸು ಮುಚ್ಚಿರುತ್ತದೆ, ಮಕ್ಕಳು ಮುಂಬಯಿಯಲ್ಲಿದ್ದಾರೋ ಮಸ್ಕತ್ತಿನಲ್ಲಿದ್ದಾರೋ ಹೇಳುವವರಿಲ್ಲ. ನಂತೂರಿನ ನಮ್ಮ ಮನೆಯ ಕಪಾಟಿನಲ್ಲೇ ಅಂಥವು ನಾಲ್ಕಾರಿವೆ. ಕರಾವಳಿಯ ಗ್ರಂಥಾಲಯಗಳಲ್ಲಿ ಎಷ್ಟಿವೆಯೋ! ಪ್ರತಿ ಮಳೆಗಾಲವೂ ಅವುಗಳಿಂದ ಒಂದೊಂದು ಪುಟ ಕೇಳುತ್ತದೆ.

ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟರಾಯಿತಲ್ಲ ಎನ್ನುತ್ತೀರಿ. ಯಂತ್ರಕ್ಕೇನೂ ಬರವಿಲ್ಲ, 2020ರಲ್ಲಿ ನಮ್ಮ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯವನ್ನೇ ತೆರೆಯಿತು. ತೊಡಕಿರುವುದು ಕಾನೂನಿನಲ್ಲಿ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿ ಒಂದು ಉಪಕಾರ ಮಾಡಿತು. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಕಾಗದದ ಪ್ರತಿ ಇರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಬಹುದು. ಇಟ್ಟುಕೊಂಡದ್ದನ್ನು ಕಾಸರಗೋಡಿನ ಓದುಗನಿಗೆ ಕಳಿಸಬಹುದೇ? ಆ ಬಗ್ಗೆ ಆ ಕಲಮು ಬಾಯಿ ಬಿಡುವುದಿಲ್ಲ. ಉಪ್ಪಿನಕಾಯಿ ಹಾಕಿಡು, ಬಡಿಸುವ ಮಾತು ಎತ್ತಬೇಡ ಎಂದಂತೆ.

ಕಾಯೋಣವೆಂದರೆ, ಲೇಖಕರು ತೀರಿಕೊಂಡ ವರ್ಷ ಕಳೆದು 60 ವರ್ಷ. 1963ರಲ್ಲಿ ತೀರಿಕೊಂಡ ಮಂಜೇಶ್ವರ ಗೋವಿಂದ ಪೈಗಳ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿಯಲ್ಲಿ ಎಲ್ಲರ ಸೊತ್ತಾದವು. 1997ರಲ್ಲಿ ಅಗಲಿದ ಶಿವರಾಮ ಕಾರಂತರಿಗೆ 2057 ಮುಗಿಯಬೇಕು. ಅವರಿಗೆ ಪ್ರಕಾಶಕರುಂಟು, ಓದುಗರುಂಟು, ಕಾಯಬಲ್ಲರು. ಅದೇ ವರ್ಷ ಸತ್ತ, ಒಂದೇ ಮುದ್ರಣ ಕಂಡ ಕಥೆಗಾರ್ತಿಗೂ ಅದೇ 2057. ಅಷ್ಟರೊಳಗೆ ಗೆದ್ದಲು ತನ್ನ ಹಕ್ಕು ಚಲಾಯಿಸಿರುತ್ತದೆ.

ಹಕ್ಕುದಾರರು ಪತ್ತೆಯಿಲ್ಲದ ಕೃತಿಗೆಂದು ಕಾಯಿದೆ ಒಂದು ದಾರಿಯನ್ನೂ ಇಟ್ಟಿದೆ ಅನ್ನಿ. ನನ್ನ ತಕರಾರು ಇರುವುದೇ ಅಲ್ಲಿ. 31ಎ ಕಲಮಿನ ಪ್ರಕಾರ ಪ್ರಕಟಣೆಗೆ ಲೈಸೆನ್ಸ್ ಕೇಳಬಹುದು. ಆದರೆ ಅರ್ಜಿಗೆ ಮೊದಲು, ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಜಾಹೀರಾತು ಕೊಡಬೇಕು. ಕನ್ನಡ ಪತ್ರಿಕೆಯಲ್ಲೂ ಕೊಡಬೇಕಾದುದು ಯಾವಾಗ? ಪುಸ್ತಕವನ್ನು ಕನ್ನಡಕ್ಕೆ ಅನುವಾದಿಸುವಾಗ ಮಾತ್ರ! ಕನ್ನಡದಲ್ಲೇ ಬರೆದವರ ಮೊಮ್ಮಗಳನ್ನು ಬಂಟ್ವಾಳದಲ್ಲಿ ಹುಡುಕಬೇಕಾದರೆ ಕನ್ನಡ ಬೇಕಿಲ್ಲವಂತೆ. ಇದನ್ನು ಬರೆದವರು ಹಳ್ಳಿಯ ಚಾದಂಗಡಿಯಲ್ಲಿ ಪತ್ರಿಕೆ ಕೈಯಿಂದ ಕೈಗೆ ಹೋಗುವುದನ್ನು ನೋಡಿದವರಲ್ಲ. ಇನ್ನು ಆ ಜಾಹೀರಾತಿನ ಖರ್ಚು, ಅರ್ಜಿ, ವಕೀಲರು. ನಮ್ಮ ಮನೆ ತೆರಿಗೆಯೊಡನೆ ಬರುವ ಗ್ರಂಥಾಲಯ ಕರವನ್ನು ನಂಬಿದ ಶಾಖೆಯೊಂದು, ನೂರು ಪುಟದ ಪುಸ್ತಕಕ್ಕಾಗಿ ಇದನ್ನು ಯಾವ ಲೆಕ್ಕದಲ್ಲಿ ಬರೆಯಬೇಕು?

ಲೇಖಕರ ಹಕ್ಕು ಬೇಡವೆನ್ನುವವಳಲ್ಲ ನಾನು. ಕನ್ನಡದಲ್ಲಿ ಬರೆದು ಹೊಟ್ಟೆ ಹೊರೆದವರು ಎಷ್ಟು ಮಂದಿ? ಅವರ ಪಾಲು ಅವರಿಗೆ ಸಲ್ಲಲೇಬೇಕು. ಆದರೆ ಕನ್ನಡ ಪತ್ರಿಕೆಯಲ್ಲಿ ಒಂದು ಪ್ರಕಟಣೆ, ಗ್ರಂಥಾಲಯದ ಬಾಗಿಲಲ್ಲಿ ಒಂದು ಚೀಟಿ, ಆರು ತಿಂಗಳ ಗಡುವು ಸಾಲದೇ? ಆಮೇಲೆ ಯಾರಾದರೂ ಬಂದು ‘ಇದು ನಮ್ಮ ಅಜ್ಜಿಯ ಪುಸ್ತಕ’ ಎಂದರೆ ಗೌರವಧನ ಕೊಟ್ಟು, ಅವರು ಬೇಡವೆಂದರೆ ತೆಗೆದುಬಿಡುವುದು. ಇಷ್ಟನ್ನು ಪುತ್ತೂರಿನ ಗ್ರಂಥಪಾಲಕರೂ ಮಾಡಬಲ್ಲರು, ವಕೀಲರಿಲ್ಲದೆ.