ಮುಕ್ಕಾಲು ಪಾಲಿನ ಲ್ಯಾಬ್ರಡಾರ್, ಮುಧೋಳದ ಬೇಟೆನಾಯಿ

ಪ್ರಾಣಿಗಳ ಮುಪ್ಪನ್ನು ಕುರಿತ ಪ್ರಯೋಗಗಳಲ್ಲಿ ನಾನು ತುಂಬ ಗೌರವಿಸುವುದು 2002ರಲ್ಲಿ ಪ್ರಕಟವಾದ ಲ್ಯಾಬ್ರಡಾರ್ ಅಧ್ಯಯನವನ್ನು. ನಾಯಿ ಆಹಾರ ತಯಾರಿಸುವ ಪ್ಯೂರಿನಾ ಕಂಪನಿಯ ವಿಜ್ಞಾನಿಗಳು ಏಳು ಸೂಲಿನ 48 ಮರಿಗಳನ್ನು ಆರಿಸಿ, ಒಂದೇ ಸೂಲಿನ, ಒಂದೇ ಲಿಂಗದ, ಹೆಚ್ಚುಕಡಿಮೆ ಒಂದೇ ತೂಕದ ಎರಡೆರಡನ್ನು ಜೋಡಿ ಮಾಡಿದರು. ಎಂಟು ವಾರದ ವಯಸ್ಸಿನಿಂದಲೇ, ಜೋಡಿಯಲ್ಲಿ ಒಂದು ತಿಂದದ್ದರ ಮುಕ್ಕಾಲು ಪಾಲು ಮಾತ್ರ ಇನ್ನೊಂದಕ್ಕೆ. ಹೆಚ್ಚು ತಿಂದ ಗುಂಪಿನ ಅರ್ಧದಷ್ಟು ನಾಯಿಗಳು 11.2 ವರ್ಷಕ್ಕೆ ಸತ್ತಿದ್ದವು. ಕಡಿಮೆ ತಿಂದ ಗುಂಪು ಆ ಹಂತ ಮುಟ್ಟಿದ್ದು 13 ವರ್ಷಕ್ಕೆ. ಕೀಲುನೋವಿಗೆ ಮದ್ದು ಬೇಕಾದದ್ದೂ ತಡವಾಗಿ. ನಾಯಿಗಳ ಇಡೀ ಆಯುಸ್ಸನ್ನು ಹಿಂಬಾಲಿಸುವ ಇಂಥ ತಾಳ್ಮೆ ಅಪರೂಪ.

ಆದರೆ ಇದರಿಂದ ‘ಕಡಿಮೆ ತಿಂದರೆ ಆಯುಸ್ಸು ಹೆಚ್ಚು’ ಎಂದು ಸಾರುವುದನ್ನು ನಾನು ಒಪ್ಪಲಾರೆ. ಹೆಚ್ಚು ತಿಂದ ನಾಯಿಗಳ ತೂಕ ಬೇಕಾದದ್ದಕ್ಕಿಂತ ಹೆಚ್ಚಿತ್ತು. ಹಾಗಿದ್ದರೆ ಮಿತ ಆಹಾರ ಆಯುಸ್ಸು ಬೆಳೆಸಿತೋ, ಅತಿ ಆಹಾರ ಆಯುಸ್ಸು ಕಿತ್ತುಕೊಂಡಿತೋ? ಲ್ಯಾಬ್ರಡಾರ್‌ ತಳಿಯಲ್ಲಿ ಅನೇಕ ನಾಯಿಗಳಿಗೆ ಹಸಿವನ್ನು ಹೆಚ್ಚಿಸುವ ಜೀನ್ ದೋಷವಿರುವುದು 2016ರಲ್ಲಿ ತಿಳಿದುಬಂತು. ಇಲಿಗಳಲ್ಲಂತೂ ತಳಿಯ ಪ್ರಭಾವ ಇನ್ನೂ ನಿಚ್ಚಳ: 2010ರ ಪ್ರಯೋಗವೊಂದರಲ್ಲಿ 41 ತಳಿಗಳ ಆಹಾರವನ್ನು ಶೇಕಡ 40ರಷ್ಟು ಕಡಿತ ಮಾಡಿದಾಗ, ಆಯುಸ್ಸು ಹೆಚ್ಚಿದ ತಳಿಗಳಿಗಿಂತ ಕುಗ್ಗಿದ ತಳಿಗಳೇ ಹೆಚ್ಚಿದ್ದವು. ಮಂಗಗಳ ಮೇಲೆ ಅಮೆರಿಕದಲ್ಲೇ ನಡೆದ ಎರಡು ದೀರ್ಘ ಅಧ್ಯಯನಗಳೂ 2009ರಲ್ಲಿ ಒಂದು, 2012ರಲ್ಲಿ ಅದಕ್ಕೆ ಹೊಂದದ ಇನ್ನೊಂದು ಉತ್ತರ ಕೊಟ್ಟವು. ಹೋಲಿಕೆಯ ಗುಂಪಿಗೆ ಏನು, ಎಷ್ಟು ತಿನ್ನಿಸಿದರೆಂಬುದೂ ಆ ವ್ಯತ್ಯಾಸಕ್ಕೆ ಕಾರಣ.

ಮುಧೋಳದವರಿಗೆ ಇದು ದೂರದ ವಾದವಲ್ಲ. ಮಾಲೋಜಿರಾವ್ ಘೋರ್ಪಡೆ ಅರಸರು ಪೋಷಿಸಿದ ಇಲ್ಲಿನ ಬೇಟೆನಾಯಿಗೆ ಮೈಯಲ್ಲಿ ಕೊಬ್ಬೇ ಕಡಿಮೆ, ಓಡುವುದೇ ಅದರ ಬದುಕು. ಪಕ್ಕೆಲುಬು ಕಾಣುವ ಆ ಮೈ ಆ ತಳಿಯ ಸಹಜ ಆಕಾರ. ಅಂಥ ನಾಯಿಯ ಪಾಲಿನಲ್ಲಿ ಕಾಲುಭಾಗ ಕಡಿದರೆ ಆಯುಸ್ಸು ಬೆಳೆಯುತ್ತದೆಂದು ಲ್ಯಾಬ್ರಡಾರ್ ತೋರಿಸಿ ಹೇಳುವುದು ಹಸಿದ ಮರಿಗೆ ಮಾಡುವ ಅನ್ಯಾಯ. ಇಂಥ ಸಣ್ಣ ಸಂಖ್ಯೆಯ ತಳಿಗೆ ಇನ್ನೂ ಒಂದು ಅಪಾಯವಿದೆ. ಹತ್ತಿರದ ರಕ್ತದಲ್ಲೇ ಕೂಡಿಸುತ್ತ ಹೋದರೆ ಬಚ್ಚಿಟ್ಟುಕೊಂಡ ದೋಷಗಳು ಮೇಲೆದ್ದು ಆಯುಸ್ಸನ್ನು ಕಡಿಮೆ ಮಾಡುತ್ತವೆ. ಆಹಾರದ ಅಳತೆ ಅದಕ್ಕೆ ಮದ್ದಲ್ಲ.

ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಮುಧೋಳದ ಬಳಿ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಹಳ್ಳಿಗಳಿಗೆ ಹೋಗುವ ಮರಿಗಳ ತಂದೆತಾಯಿ, ತೂಕ, ಆಹಾರ, ಕಾಯಿಲೆ, ಸಾವಿನ ವಯಸ್ಸು, ಇಷ್ಟನ್ನು ಸಾಕಿದವರೊಂದಿಗೆ ಕೂಡಿ ಹದಿನೈದು ವರ್ಷ ಬರೆದಿಟ್ಟರೆ ಸಾಕು. ಯಾವ ಮರಿಯನ್ನೂ ಅರೆಹೊಟ್ಟೆ ಇಡಬೇಕಿಲ್ಲ. ಜಮಖಂಡಿ, ಬೀಳಗಿಯ ಹೊಲಗಳಲ್ಲಿ ಓಡಿದ ನಾಯಿಗೂ ಪಟ್ಟಣದಲ್ಲಿ ಕಟ್ಟಿಹಾಕಿದ ಅದರ ಒಡಹುಟ್ಟಿಗೂ ಆಯುಸ್ಸಿನಲ್ಲಿ ಎಷ್ಟು ಅಂತರವೆಂದು ಆ ದಾಖಲೆಯೇ ತೋರಿಸುತ್ತದೆ.